ಹುಣಸೂರಿನ ಬಂಡಿಯೂ ಮೋಟಾರಿನ ಮೈಕಟ್ಟೂ

ಕಳೆದ ಮಾಗಿಯ ಕಾಲದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದು, “ಮೇಷ್ಟ್ರೇ, ನಮ್ಮ ಹಿತ್ತಿಲಿನಲ್ಲಿ ಒಂದು ಕೆಲಸ ಹಿಡಿದಿದ್ದೇನೆ. ತಾವು ಒಮ್ಮೆ ಬಂದು ನೋಡಿ, ಸರಿಯೋ ತಪ್ಪೋ ಹೇಳಬೇಕು” ಎಂದು ಕೇಳಿಕೊಂಡನು. ಆತನ ಮನೆಯಿರುವುದು ಹುಣಸೂರಿನಲ್ಲಿ, ಲಕ್ಷ್ಮಣತೀರ್ಥಕ್ಕೆ ಅನತಿದೂರದಲ್ಲಿ. ಹೋಗಿ ನೋಡಲಾಗಿ, ತಗಡಿನ ಚಪ್ಪರದಡಿಯಲ್ಲಿ ಆತನ ತಂದೆಯವರ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಮೋಟಾರು ಕಾರು ತನ್ನ ಮೈಯನ್ನೆಲ್ಲ ಕಳಚಿಟ್ಟು, ಬರಿಯ ಅಡಿಗಟ್ಟಾಗಿ ನಿಂತಿದ್ದಿತು. ಬಾಗಿಲುಗಳು, ಮುಂದಿನ ಮೂತಿ, ಮೇಲಿನ ಮಾಡು, ತುಕ್ಕು ತಿಂದ ಹಿಂಭಾಗ ಇವೆಲ್ಲವೂ ಒಂದೊಂದಾಗಿ ಗೋಡೆಗೆ ಒರಗಿದ್ದುವು. ಸಂಖ್ಯಾಫಲಕದಲ್ಲಿ ಮಾತ್ರ, ನಮ್ಮ ನಾಡು ಮೈಸೂರು ರಾಜ್ಯವೆನಿಸಿಕೊಂಡಿದ್ದ ಕಾಲದ ‘ಎಂ. ವೈ.’ ಎಂಬ ಅಕ್ಷರಗಳು ಅಳಿಯದೆ ಉಳಿದಿದ್ದುವು.

ಅಡಿಗಟ್ಟಿನ ಮೇಲೆ ಶಿಷ್ಯನು ಸೀಮೆಸುಣ್ಣದಿಂದ ಎರಡು ಗೆರೆಗಳನ್ನು ಎಳೆದಿದ್ದನು. ಅವೆರಡರ ನಡುವಣ ಅಂತರ ಎಂಟೂವರೆ ಅಂಗುಲ. ಅಷ್ಟನ್ನು ಕತ್ತರಿಸಿ ತೆಗೆದು ಬೆಸೆದು, ಮಾಡನ್ನು ತೊರೆದು, ಇಬ್ಬರೇ ಕೂರತಕ್ಕ ತೆರೆದ ಸ್ಪೋರ್ಟ್ಸ್ ಕಾರನ್ನು ತನ್ನ ಕೈಯಿಂದಲೇ ಕಟ್ಟಬೇಕೆಂಬುದು ಆತನ ಸಂಕಲ್ಪ. ಅಷ್ಟರಲ್ಲಿ ಆತನ ವೃದ್ಧಮಾತೆಯು ಹೊರಗೆ ಬಂದು, “ಇವರ ಅಪ್ಪ ನನ್ನನ್ನು ತವರಿಗೆ ಕರೆದುಕೊಂಡು ಹೋಗ್ತಿದ್ದ ಗಾಡಿ, ಸ್ವಾಮಿ. ಇದನ್ನು ಕುಯ್ಯಬೇಡ ಅಂತ ನೀವಾದರೂ ಹೇಳಿ” ಎಂದರು. ಮಗನು ತಲೆ ತಗ್ಗಿಸಿ ನಿಂತನು. ಇಬ್ಬರೂ ನನ್ನ ಮುಖವನ್ನು ನೋಡಿದರು. ನಾನು ಎಂಟು ದಿನಗಳ ಅವಧಿಯನ್ನು ಬೇಡಿ ಹಿಂದಿರುಗಿದೆನು. ಆ ಎಂಟು ದಿನಗಳಲ್ಲಿ ಯೋಚಿಸಿದುದೇ ಈ ಲೇಖನದ ವಿಷಯ.

ವಾಹನಕ್ಕೆ ಅಡಿಯೊಂದು, ಮೈಯೊಂದು ಎಂಬ ವಿಭಾಗವು ಮೋಟಾರಿನೊಡನೆ ಬಂದುದೆಂದು ಅನೇಕರು ಭಾವಿಸಿರುವರು. ಅದು ಬಹು ಪ್ರಾಚೀನವಾದುದು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಕ್ಷತ್ರಿಯವರ್ಗದಲ್ಲಿ ಬರುವ ರಥಾಂಗಗಳ ಹೆಸರುಗಳು ನೆನಪಿರಬಹುದು. ರಥದ ಅಡಿಯಲ್ಲಿರುವ ಮರಕ್ಕೆ ಅನುಕರ್ಷವೆಂದು ಹೆಸರು. ರಥವನ್ನು ಕಾಪಾಡಲು ಮೇಲೆ ಸುತ್ತ ಕಟ್ಟುವುದಕ್ಕೆ ವರೂಥವೆಂದು ಹೆಸರು. ಅನುಕರ್ಷವು ಭಾರವನ್ನು ಹೊರುವುದು, ವರೂಥವು ಕುಳಿತವರನ್ನು ಕಾಯುವುದು. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟವರು ಎರಡನ್ನೂ ಬೇರೆ ಬೇರೆಯಾಗಿ ಕಟ್ಟಿ ಬಲ್ಲವರೇ ಆಗಿರಬೇಕು.

ರಥವನ್ನು ಕಟ್ಟುವವರಿಗೆ ನಮ್ಮ ಪೂರ್ವಿಕರು ಕೊಟ್ಟ ಮನ್ನಣೆಯೂ ಅಲ್ಪವಲ್ಲ. ಸುಧನ್ವನ ಮಕ್ಕಳಾದ ಋಭು, ವಿಭ್ವ, ವಾಜ ಎಂಬ ಮೂವರು ಅಶ್ವಿನೀದೇವತೆಗಳಿಗೆ ರಥವನ್ನು ನಿರ್ಮಿಸಿ, ಕೈಕೆಲಸದ ಬಲದಿಂದಲೇ ಅಮರತ್ವವನ್ನು ಪಡೆದರೆಂಬುದು ಋಗ್ವೇದದಲ್ಲಿ ಪ್ರಸಿದ್ಧವಾಗಿದೆ. ಕುದುರೆಯಿಲ್ಲದ, ಲಗಾಮಿಲ್ಲದ, ಮೂರು ಚಕ್ರದ ಒಂದು ರಥವೂ ಅಲ್ಲಿ ವರ್ಣಿತವಾಗಿದೆ. ಇದನ್ನು ಕಂಡು ವೇದದಲ್ಲಿ ಮೋಟಾರು ಇದ್ದಿತೆಂದು ವಾದಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಕವಿಯ ಕಲ್ಪನೆಯನ್ನು ಕಲ್ಪನೆಯೆಂದೇ ತಿಳಿದರೆ ಅದರ ಸೊಗಸು ಕಡಮೆಯಾಗುವುದಿಲ್ಲ. ಶ್ರೀರುದ್ರದಲ್ಲಿ ಬಡಗಿಗೂ ರಥಕಾರನಿಗೂ ಕುಂಬಾರನಿಗೂ ಕಮ್ಮಾರನಿಗೂ ನಮಸ್ಕಾರವಿರುವುದನ್ನು ನಾವು ದಿನವೂ ಪಠಿಸುತ್ತೇವೆ. ಪೂರ್ವಮೀಮಾಂಸೆಯಲ್ಲಿ ರಥಕಾರಾಧಿಕರಣವೆಂಬ ಒಂದು ಚರ್ಚೆಯೇ ಇದೆ. ಮಳೆಗಾಲದಲ್ಲಿ ರಥಕಾರನು ಅಗ್ನ್ಯಾಧಾನ ಮಾಡಬೇಕೆಂಬ ವಿಧಿಯಲ್ಲಿ, ರಥಕಾರನೆಂದರೆ ರಥವನ್ನು ಮಾಡುವ ಯಾರಾದರೂ ಸರಿಯೋ, ಅಥವಾ ಆ ಹೆಸರಿನ ಒಂದು ಜನವೋ ಎಂಬುದು ಪ್ರಶ್ನೆ. ಶಬ್ದದ ಅವಯವಾರ್ಥಕ್ಕಿಂತ ರೂಢಿಯು ಬಲವತ್ತರವಾದುದರಿಂದ, ಅದು ಸೌಧನ್ವನರೆಂಬ ಒಂದು ಜನದ ಹೆಸರೇ ಎಂದು ಸಿದ್ಧಾಂತವಾಯಿತು. ಅಂದರೆ ಅಷ್ಟು ಹಿಂದಿನ ಕಾಲಕ್ಕೇ ಈ ಕಸಬು ಒಂದು ಕುಲದ ಹೆಸರಾಗುವಷ್ಟು ಬೇರೂರಿದ್ದಿತು.

ನಮ್ಮ ಮೈಸೂರಿಗೆ ಇನ್ನೂ ಹತ್ತಿರದ ಪ್ರಮಾಣವೊಂದುಂಟು. ೧೮೯೧ರಲ್ಲಿ ಸ್ಥಾಪಿತವಾದ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯ ಪ್ರತಿಯು ದೊರೆತು, ೧೯೦೯ರಲ್ಲಿ ಅವರು ಅದನ್ನು ಅಚ್ಚುಹಾಕಿಸಿದುದನ್ನು ವಾಚಕರು ಬಲ್ಲರು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ರಥಾಧ್ಯಕ್ಷನ ಕರ್ತವ್ಯಗಳನ್ನು ಹೇಳಿದೆ. ದೇವರಥ, ಪುಷ್ಯರಥ, ಸಾಂಗ್ರಾಮಿಕ, ಪಾರಿಯಾಣಿಕ, ಪರಪುರಾಭಿಯಾನಿಕ, ವೈನಯಿಕ ಎಂದು ಆರು ಬಗೆಯ ರಥಗಳನ್ನು ಆತನು ಮಾಡಿಸತಕ್ಕದ್ದು. ದೇವರ ಉತ್ಸವಕ್ಕೆ ಒಂದು, ಮಂಗಳಕಾರ್ಯಕ್ಕೆ ಒಂದು, ಯುದ್ಧಕ್ಕೆ ಒಂದು, ಪ್ರಯಾಣಕ್ಕೆ ಒಂದು, ಶತ್ರುಪುರದ ಮೇಲೆ ಏರಿಹೋಗುವುದಕ್ಕೆ ಒಂದು, ಶಿಕ್ಷಣಕ್ಕೆ ಒಂದು. ಚಕ್ರ, ಅಚ್ಚು, ನೊಗಗಳು ಎಲ್ಲ ರಥಕ್ಕೂ ಬೇಕು. ಉಪಯೋಗಕ್ಕೆ ತಕ್ಕಂತೆ ವ್ಯತ್ಯಾಸ ಹೊಂದುವುದು ಮುಖ್ಯವಾಗಿ ಮೇಲಿನ ಮೈ. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡು ನನ್ನೊಡನೆ ಹುಣಸೂರಿಗೆ ಬರಬೇಕೆಂದು ಪ್ರಾರ್ಥನೆ.

ಹುಣಸೂರಿನ ಪ್ರಾಮುಖ್ಯಕ್ಕೆ ಎತ್ತುಗಳು ಕಾರಣ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಫಿರಂಗಿಗಳನ್ನೆಳೆಯಲು ಈ ತಳಿಯ ಎತ್ತುಗಳಿಗೆ ಸಮನಾದುವು ಇಲ್ಲವೆಂದು ೧೭೯೯ರ ಅನಂತರ ಕುಂಪಣಿಯವರೂ ಕಂಡುಕೊಂಡರು. ೧೮೧೩ರಲ್ಲಿ ಈ ಇಲಾಖೆಯು ಮದರಾಸು ಸೈನ್ಯದ ಸರಬರಾಜು ಅಧಿಕಾರಿಗಳ ವಶವಾಯಿತು. ಬಹುಕಾಲ ಹುಣಸೂರೇ ಅದರ ಮುಖ್ಯಸ್ಥಾನವಾಗಿದ್ದಿತು. ಎತ್ತುಗಳಿದ್ದೆಡೆಗೆ ಬಂಡಿ ಬಂದಿತು. ಬಂಡಿಯೊಡನೆ ಚರ್ಮದ ಸಾಮಾನು, ಕಂಬಳಿ, ಮರಮುಟ್ಟು ಎಲ್ಲವೂ ಬಂದುವು. ಸೈನ್ಯದ ಉಪಯೋಗಕ್ಕಾಗಿ ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಕೋಠಿ ಇವು ಏರ್ಪಟ್ಟುವು. ೧೮೬೦ರಲ್ಲಿ ಖರ್ಚು ಉಳಿಸುವ ನೆಪದಿಂದ ಅಮೃತಮಹಲಿನ ದನಗಳನ್ನು ಮಾರಿಬಿಟ್ಟರು. ತಪ್ಪು ತಿಳಿದು ೧೮೬೬ರಲ್ಲಿ ಮತ್ತೆ ಕಟ್ಟಬೇಕಾಯಿತು. ಈ ನಡುವೆ, ೧೮೬೪ರಲ್ಲಿ, ಸರ್ಕಾರದ ಕಾರ್ಖಾನೆಗಳು ಮುಚ್ಚಿಹೋದುವು.

ಕಾರ್ಖಾನೆ ಮುಚ್ಚಿದರೆ ಕಸಬು ಮುಚ್ಚುವುದೆಂಬ ನಿಯಮವಿಲ್ಲ. ಅಲ್ಲಿ ಕೈ ಪಳಗಿಸಿಕೊಂಡಿದ್ದ ಬಡಗಿಗಳೂ ಕಮ್ಮಾರರೂ ಚಮ್ಮಾರರೂ ತಮ್ಮ ತಮ್ಮ ಮನೆಯ ಮುಂದೆಯೇ ಕೆಲಸವನ್ನು ಮುಂದುವರಿಸಿದರು. ಹುಣಸೂರಿನ ಬಂಡಿಗಳೂ ಬೂಡ್ಸುಗಳೂ ಕಂಬಳಿಗಳೂ ಉತ್ತಮವಾದುವೆಂದು ಹಳೆಯ ಗೆಜೆಟಿಯರುಗಳು ಹೊಗಳಿರುವುದು ಈ ಮನೆಗೆಲಸದವರನ್ನು ಕುರಿತೇ ಆಗಿದೆ. ಹೊಗಳಿಕೆಯಲ್ಲಿ ವಸ್ತುವಿನ ಹೆಸರಿದೆ, ಊರಿನ ಹೆಸರಿದೆ. ಕಟ್ಟಿದವನ ಹೆಸರು ಇಲ್ಲ.

ಈ ಕಸಬು ಇಲ್ಲಿಯೇ ನಿಂತುದಕ್ಕೆ ದಾರಿಗಳೂ ಕಾಡುಗಳೂ ಸಹಾಯಕವಾದುವು. ಮೈಸೂರಿನಿಂದ ಪಿರಿಯಾಪಟ್ಟಣದ ಮೇಲೆ ಮಡಿಕೇರಿಗೆ ಹೋಗುವ ದಾರಿಯೂ, ಗೋಣಿಕೊಪ್ಪಲಿನ ಮೇಲೆ ಕಣ್ಣಾನೂರಿನ ಕಡೆಗೆ ಹೋಗುವ ದಾರಿಯೂ ಹುಣಸೂರಿನಲ್ಲಿ ಕವಲೊಡೆಯುತ್ತವೆ. ಕೊಡಗಿನ ಕಾಫಿಯು ಬಂಡಿಗಳಲ್ಲಿ ಇಳಿದು ಬಂದು ಇಲ್ಲಿಯೇ ಹದಗೊಳ್ಳುತ್ತಿದ್ದಿತು. ನಮ್ಮ ನಾಲ್ಕು ಊರುಗಳಲ್ಲಿ ರೈಲನ್ನು ಕಂಡುದು ಕೃಷ್ಣರಾಜನಗರವೊಂದೇ; ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಗೆ ಇಂದಿಗೂ ರಸ್ತೆಯೇ ಗತಿ. ಇನ್ನು ಮರವನ್ನು ಹೆಗ್ಗಡದೇವನಕೋಟೆಯ ಕಾಡುಗಳು ಕೊಡುತ್ತಿದ್ದುವು. ಯಾವ ಅಂಗಕ್ಕೆ ಯಾವ ಮರವೆಂಬುದು ಬಡಗಿಗೆ ವ್ಯಾಕರಣದಂತೆ ನಿಯತವಾಗಿದ್ದಿತು. ಸಿಡಿಯದ ಜಾಲಿ ಗಾಲಿಯ ಗುಂಬಕ್ಕೆ. ಗಡುಸಾದ ದಿಂಡಿಗ ಅಚ್ಚಿಗೆ. ಬಾಗಿದರೂ ಮುರಿಯದ ತಡಸಲು ಮೂಕಿಗೆ. ಮಳೆಗೆ ಜಗ್ಗದ ತೇಗ, ಹೊನ್ನೆ, ಮತ್ತಿಗಳು ಚೌಕಟ್ಟಿಗೂ ಹಲಗೆಗೂ. ಕೊನೆಗೆ ಕಮ್ಮಾರನು ಗಾಲಿಗಿಂತ ಸ್ವಲ್ಪ ಕಿರಿದಾದ ಕಬ್ಬಿಣದ ಹಳಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ, ನೀರು ಹೊಯ್ಯುವನು. ಅದು ಕುಗ್ಗಿ ಅರೆಗಳನ್ನೆಲ್ಲ ಗುಂಬಕ್ಕೆ ಬಿಗಿದು ಹಿಡಿಯುವುದು. ಕಾಯಿಸಿ ಹಿಗ್ಗಿಸುವ, ತಣಿಸಿ ಕುಗ್ಗಿಸುವ ಈ ಉಪಾಯವನ್ನು ಮುಂದೆ ಮತ್ತೊಮ್ಮೆ ಕಾಣಲಿದ್ದೇವೆ.

ಈ ಅಡಿಯ ಮೇಲೆ ಬೇಕಾದ ಮೈಯನ್ನು ಏರಿಸುತ್ತಿದ್ದರು. ಎಡತೊರೆಯ ಸೀಮೆಯಲ್ಲಿ ಭತ್ತದ ಹುಲ್ಲು ಹೇರಲು ಗೂಟಗಳ ಬಯಲು ಮೈ. ಗೊಬ್ಬರಕ್ಕೆ ಬಿದಿರ ತಟ್ಟಿ. ಮದುವೆಗೆ, ಜಾತ್ರೆಗೆ ಬಿದಿರನ್ನು ಬಗ್ಗಿಸಿ ಚಾಪೆ ಹೊದಿಸಿದ ಕಮಾನು. ಸಂಕ್ರಾಂತಿಯ ಕಾಲದಲ್ಲಿ ಚುಂಚನಕಟ್ಟೆಯ ದನದ ಜಾತ್ರೆಗೆ ಹೊರಡುವವರು, ವಾರದ ಹಿಂದೆ ಗೊಬ್ಬರ ಹೊಡೆದ ಬಂಡಿಯನ್ನೇ ತೊಳೆದು, ತಟ್ಟಿ ಬಿಚ್ಚಿ, ಕಮಾನು ಕಟ್ಟಿಕೊಂಡು ಹೊರಡುತ್ತಿದ್ದರು. ಕೌಟಿಲ್ಯನ ಆರು ರಥಗಳನ್ನು ನಮ್ಮ ಒಕ್ಕಲಿಗನು ಒಂದೇ ಅಡಿಯಿಂದ ಮಾಡಿಕೊಳ್ಳುತ್ತಿದ್ದನು.

ಇಲ್ಲಿ ನನ್ನ ಮನೆಯ ಒಂದು ಸಂಗತಿಯನ್ನು ಹೇಳದೆ ಮುಂದುವರಿಯಲಾರೆನು. ನನ್ನ ಪಿತಾಮಹರು ಹುಣಸೂರಿನಲ್ಲಿ ಕಟ್ಟಿಸಿ ಪಿರಿಯಾಪಟ್ಟಣದ ಕಡೆಯ ನಮ್ಮ ಹಳ್ಳಿಗೆ ತಂದ ಕಮಾನು ಗಾಡಿಯೊಂದು ನಮ್ಮಲ್ಲಿ ಇದ್ದಿತು. ೧೯೮೬ರಲ್ಲಿ, ತಂದೆಯವರು ತೀರಿಕೊಂಡ ಮೇಲೆ, ಅಧ್ಯಾಪಕನಾಗಿ ಊರು ಬಿಟ್ಟಿದ್ದ ನಾನು ಎತ್ತುಗಳನ್ನು ಮಾರಿದೆನು. ಗಾಡಿಯನ್ನು ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಒಲೆಗೆ ಸೌದೆಯ ಬೆಲೆಗೆ ಕೊಟ್ಟೆನು. ಬಿಚ್ಚಲು ಬಂದ ಊರಿನ ಆಚಾರ್ಯರು ಪಕ್ಕದ ಹಲಗೆಗಳನ್ನು ಕಿತ್ತಾಗ ನನ್ನನ್ನು ಕರೆದು ತೋರಿಸಿದರು. ಕೆಳಗಿನ ಚೌಕಟ್ಟಿನಲ್ಲಿ ಮೂರು ಸಾಲು ಮೊಳೆಯ ತೂತುಗಳಿದ್ದುವು. ಒಂದೊಂದು ಸಾಲಿನ ಅಂತರವೂ ಬೇರೆ. ಆ ಅಡಿಯ ಮೇಲೆ ಮೂರು ಸಲ ಮೈ ಕಟ್ಟಿದ್ದರು. ಪ್ರತಿಯೊಂದು ಗೂಟದ ಬುಡದಲ್ಲಿಯೂ, ಅದು ಸೇರತಕ್ಕ ತೂತಿನ ಪಕ್ಕದಲ್ಲಿಯೂ ಉಳಿಯಿಂದ ಕೊರೆದ ಒಂದೇ ಅಂಕೆ ಇದ್ದಿತು: ೧, ೨, ೩ ಎಂದು ಕನ್ನಡದಲ್ಲಿ. ಮುಂದೆ ಬಿಚ್ಚಿ ಕಟ್ಟುವವನಿಗೆ ತಿಳಿಯಲೆಂದು ಕಟ್ಟಿದವನು ಬರೆದಿಟ್ಟ ಓಲೆ ಅದು. “ಈ ಅಡಿ ಇನ್ನೂ ಎರಡು ತಲೆಮಾರು ಬಾಳುತ್ತೆ, ಸ್ವಾಮಿ” ಎಂದರು ಆಚಾರ್ಯರು. ಮುಂಗಡ ಪಡೆದಾಗಿದೆಯೆಂದು ನಾನು ಹೇಳಿದೆನು. ಶಾಸನದ ಕಲ್ಲನ್ನು ಒಗೆಯುವ ಬಂಡೆಯಾಗಿ ಮಾಡಿಕೊಂಡವರನ್ನು ತರಗತಿಯಲ್ಲಿ ಹಳಿಯುತ್ತಿದ್ದ ನಾನು, ನನ್ನ ಮನೆಯ ಶಾಸನವನ್ನು ಒಲೆಗೆ ಹಾಕಿದೆನು. ಈ ಪಶ್ಚಾತ್ತಾಪವೇ ಶಿಷ್ಯನ ಹಿತ್ತಿಲಿನಲ್ಲಿ ನನ್ನ ಬಾಯಿ ಕಟ್ಟಿದ್ದು.

ಇನ್ನು ಮೋಟಾರಿನ ವಿಚಾರ. ೧೮೮೬ರಲ್ಲಿ ಜರ್ಮನಿಯ ಕಾರ್ಲ್ ಬೆಂಜನು ಮೂರು ಚಕ್ರದ ಮೋಟಾರು ಬಂಡಿಗೆ ಹಕ್ಕುಪತ್ರವನ್ನು ಪಡೆದನು. ಎಂಜಿನ್ನು ಹೊಸದಾದರೂ ಮೈಯನ್ನು ಕಟ್ಟಿದವರು ಹಳೆಯ ಸಾರೋಟಿನ ಬಡಗಿಗಳೇ. ರೋಲ್ಸ್ ರಾಯ್ಸ್‌ನಂಥ ಹೆಸರಾಂತ ಸಂಸ್ಥೆಯು ಎರಡನೆಯ ಮಹಾಯುದ್ಧದ ವರೆಗೂ ಅಡಿಗಟ್ಟನ್ನೂ ಎಂಜಿನ್ನನ್ನೂ ಮಾತ್ರ ಮಾರುತ್ತಿದ್ದಿತು; ಕೊಂಡವರು ಮೈಕಟ್ಟುವವರಲ್ಲಿಗೆ ಅದನ್ನು ಒಯ್ದು, ಬೇಟೆಗೆ ಬೇಕೋ, ದರ್ಬಾರಿಗೆ ಬೇಕೋ ಹೇಳಿ ಕಟ್ಟಿಸಿಕೊಳ್ಳಬೇಕಾಗಿದ್ದಿತು. ಸಂಸ್ಥೆಯೇ ಮೈಸಹಿತ ರೋಲ್ಸ್ ರಾಯ್ಸ್ ಕಾರನ್ನು ಮಾರತೊಡಗಿದುದು ೧೯೪೯ರಲ್ಲಿ. ಮಹಾರಾಜರುಗಳ ಕಾರುಗಳಲ್ಲಿ ಒಂದರಂತೆ ಒಂದಿಲ್ಲದಿರುವುದಕ್ಕೆ ಇದೇ ಕಾರಣ. ನಮ್ಮ ದಕ್ಷಿಣದಲ್ಲಿ, ಮದರಾಸಿನ ಸಿಂಪ್ಸನ್ ಕುಂಪಣಿಯು ೧೮೪೦ರಲ್ಲಿ ಕುದುರೆಯ ಜೀನು, ಸಾರೋಟುಗಳ ಕೆಲಸದಿಂದ ಆರಂಭವಾಗಿ, ಮುಂದೆ ಮೋಟಾರಿನ ಮೈಕಟ್ಟಿಗೆ ತಿರುಗಿತು.

ಬಡಗಿಯ ಕೈ ಮೋಟಾರನ್ನು ಬೇಗನೆ ಬಿಟ್ಟುಕೊಡಲಿಲ್ಲ. ಇಂಗ್ಲೆಂಡಿನಲ್ಲಿ ೧೯೪೫ರಿಂದ ೧೯೪೯ರ ವರೆಗೆ ತಯಾರಾದ ಎಂ. ಜಿ. ಟಿ. ಸಿ. ಎಂಬ ಸ್ಪೋರ್ಟ್ಸ್ ಕಾರಿನ ತಗಡಿನ ಕೆಳಗೆ ಇರುವುದು ಆ್ಯಷ್ ಎಂಬ ಮರದ ಚೌಕಟ್ಟು. ೧೯೪೮ರಲ್ಲಿ ಹೊರಬಂದ ಜಾಗ್ವಾರ್ ಎಕ್ಸ್. ಕೆ. ೧೨೦ ಎಂಬ ಅತಿವೇಗದ ಕಾರಿನಲ್ಲಿ ಮೊದಲ ಸುಮಾರು ೨೪೦ಕ್ಕೆ ಅಲ್ಯೂಮಿನಿಯಂ ತಗಡನ್ನು ಮರದ ಚೌಕಟ್ಟಿನ ಮೇಲೆ ಕೈಯಿಂದಲೇ ಹೊದಿಸಿದರು. ಬೇಡಿಕೆ ಹೆಚ್ಚಿದ ಮೇಲೆ ಉಕ್ಕಿನ ಅಚ್ಚೊತ್ತಿದ ಮೈ ಬಂದಿತು. ನಮ್ಮಲ್ಲಿ ಲಾರಿಗಳ ವಿಷಯವು ಎಲ್ಲರೂ ಬಲ್ಲದ್ದು. ಕಾರ್ಖಾನೆಯಿಂದ ಬರುವುದು ಎಂಜಿನ್ನು ಸಹಿತವಾದ ಛಾಸಿ. ‘ಬಾಡಿ ಕಟ್ಟಿಸುವುದು’ ಮಾಲೀಕನ ಪಾಲಿನ ಕೆಲಸ. ಪಿರಿಯಾಪಟ್ಟಣದ ಹೊಗೆಸೊಪ್ಪು, ಕೋಟೆಯ ಮರ, ಕೃಷ್ಣರಾಜನಗರದ ಅಕ್ಕಿ ಇವೆಲ್ಲ ಹೋದುದು ಹೀಗೆ ಕಟ್ಟಿಸಿದ ಬಾಡಿಗಳಲ್ಲಿ. ೧೯೪೮ರ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರವು ೧೨೦ ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿತು. ಮುಂದೆ ಆ ಇಲಾಖೆಯೇ ನಿಗಮವಾಗಿ ತನ್ನ ಕಾರ್ಯಾಗಾರಗಳಲ್ಲಿ ಛಾಸಿಗಳ ಮೇಲೆ ಬಸ್ಸಿನ ಮೈಗಳನ್ನು ಕಟ್ಟಿತು. ಕಾಲ್ನಡಿಗೆಯ ಎತ್ತಿನ ಹಿಂದೆ ಹೋಗುತ್ತಿದ್ದ ‘ಕಟ್ಟು’ ಎಂಬ ನಮ್ಮ ಕ್ರಿಯಾಪದವು ಎಂಜಿನ್ನಿನ ಹಿಂದೆಯೂ ಹಾಗೆಯೇ ನಡೆದುಬಂದಿತು.

ಸಣ್ಣ ಕಾರುಗಳಲ್ಲಿ ಮಾತ್ರ ಈ ವಿಭಾಗವು ಅಳಿಯಿತು. ಮೈಯೇ ಅಡಿಯಾಗುವಂತೆ ತಗಡನ್ನು ಅಚ್ಚೊತ್ತಿ ಒಂದಾಗಿ ಬೆಸೆಯುವ ಪದ್ಧತಿ ಬಂದಿತು. ಆ ಕಾಲದಲ್ಲಿಯೂ ಹಳೆಯ ಪದ್ಧತಿಯನ್ನು ಉಳಿಸಿಕೊಂಡ ಕಾರುಗಳಲ್ಲಿ ಹೆರಾಲ್ಡ್ ಒಂದು. ಇಟಲಿಯ ಮಿಕೆಲೊಟ್ಟಿಯು ರೂಪಿಸಿದ ಈ ಕಾರು ೧೯೫೯ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದಿತು. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರು ಕಾರ್ಖಾನ��ಯು ೧೯೬೧ರಿಂದ ೧೯೭೧ರ ವರೆಗೆ ಅದನ್ನು ನಮ್ಮ ದೇಶದಲ್ಲಿ ತಯಾರಿಸಿತು. ಅದಕ್ಕೆ ಬೇರೆಯೇ ಆದ ಅಡಿಗಟ್ಟು. ಅದರ ಮೇಲೆ ಬೋಲ್ಟುಗಳಿಂದ ಬಿಗಿದ ಮೈಯ ಭಾಗಗಳು. ಮೂತಿಯು ಇಡಿಯಾಗಿ ಮುಂದಕ್ಕೆ ಬಾಗಿ ತೆರೆಯುವುದು. ಮಾಡು ಕೂಡ ಬೋಲ್ಟಿನಿಂದಲೇ ನಿಂತಿರುವುದು. ಇಂಗ್ಲೆಂಡಿನ ಕಾರ್ಖಾನೆಯವರೇ ೧೯೬೨ರಲ್ಲಿ ಇದೇ ಅಡಿಗಟ್ಟನ್ನು ಮೊಟಕುಮಾಡಿ ಸ್ಪಿಟ್‌ಫೈರ್ ಎಂಬ ಇಬ್ಬರ ಸ್ಪೋರ್ಟ್ಸ್ ಕಾರನ್ನು ಕಟ್ಟಿದರು. ಹೆರಾಲ್ಡಿನ ಗಾಲಿಯಿಂದ ಗಾಲಿಗೆ ೯೧.೫ ಅಂಗುಲ, ಸ್ಪಿಟ್‌ಫೈರಿನದು ೮೩. ಶಿಷ್ಯನ ಸೀಮೆಸುಣ್ಣದ ಗೆರೆಗಳ ನಡುವಣ ಎಂಟೂವರೆ ಅಂಗುಲದ ಮೂಲವು ಇದೇ.

ಎಂಟು ದಿನಗಳ ಅನಂತರ ಹೋದಾಗ, ಆತನು ಗೊತ್ತುಮಾಡಿದ್ದ ವೃದ್ಧ ಟಿಂಕರ್ ಸಾಬರು ಹಿಂದಿನ ರೆಕ್ಕೆಯ ಕೆಲಸದಲ್ಲಿದ್ದರು. ಲಾರಿಯ ಬಾಡಿಗಳನ್ನು ಬಡಿಯುತ್ತ ಬಾಳು ಸವೆಸಿದವರು. ಅವರ ಕೆಲಸವನ್ನು ಅರ್ಧ ದಿನ ಕುಳಿತು ನೋಡಿದೆನು. ಮೊದಲು ಗಟ್ಟಿ ಕಾಗದದಿಂದ ಅಳತೆಯ ಮಾದರಿ ತೆಗೆದರು. ಒಂದು ಮಿಲಿಮೀಟರಿನ ಆಸುಪಾಸಿನ ಉಕ್ಕಿನ ತಗಡನ್ನು ಅದರಂತೆ ಕತ್ತರಿಸಿ, ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿದರು. ತಗಡು ಅಕ್ಕಿ ಕೇರುವ ಮೊರದಂತೆ ಕುಳಿಯಾಯಿತು. ಅನಂತರ ಒಳಗೆ ಕಬ್ಬಿಣದ ಒತ್ತನ್ನು ಹಿಡಿದು ಹೊರಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ನಯಮಾಡಿದರು. ಹಿತ್ತಾಳೆಯ ಬಿಂದಿಗೆಯನ್ನು ಬಡಿಯುವ ಕಂಚುಗಾರನ ಕ್ರಮವೂ ಇದೇ.

“ಬಡಿದಷ್ಟೂ ತಗಡು ಬೆಳೀತದೆ, ಮೇಷ್ಟ್ರೇ. ಬೆಳೆದದ್ದು ಜಾಸ್ತಿಯಾದರೆ ಡಬ್ ಡಬ್ ಅಂತ ಕೂಗ್ತದೆ” ಎಂದು ಅವರು ಒಂದು ಕಡೆ ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಅಲ್ಲಿ ಕಾಸಿನಗಲ ಗ್ಯಾಸಿನ ಬೆಂಕಿಯಿಂದ ಕೆಂಪಗೆ ಕಾಯಿಸಿ, ನಾಲ್ಕು ಏಟು ತಟ್ಟಿ, ಒದ್ದೆ ಬಟ್ಟೆ ಇಟ್ಟರು. ಚುಂಯ್ ಎಂದಿತು, ಹಿಗ್ಗಿದ್ದ ತಗಡು ಕುಗ್ಗಿ ಮೌನವಾಯಿತು. ಗಾಲಿಗೆ ಹಳಿ ತೊಡಿಸುವ ಹುಣಸೂರಿನ ಕಮ್ಮಾರನ ಉಪಾಯವನ್ನು ನಾನು ಮತ್ತೆ ಕಂಡೆನು. ತುಂಡನ್ನು ಬೆಸೆಯುವಾಗ ಒಂದೇ ಕಡೆ ಬೆಂಕಿ ಹಿಡಿದರೆ ತಗಡು ಸೊಟ್ಟಗಾಗುವುದರಿಂದ, ದೂರ ದೂರದಲ್ಲಿ ಚುಕ್ಕೆಗಳಂತೆ ಬೆಸೆದು, ಆರಲು ಬಿಟ್ಟು, ಮತ್ತೆ ನಡುವೆ ಬೆಸೆಯುತ್ತ ಬಂದರು. ತಗ್ಗುಗಳನ್ನು ತುಂಬಲು ಈಗ ಎಲ್ಲರೂ ಪುಟ್ಟಿ ಮೆತ್ತುತ್ತಾರೆ. ಇವರು ಮೊದಲು ತವರದ ಕಲಾಯಿ ಹಚ್ಚಿ, ಮೇಲೆ ತವರ, ಸೀಸಗಳ ಮಿಶ್ರಣವನ್ನು ಮೆತ್ತಗೆ ಕಾಯಿಸಿ ತೀಡಿ, ಅರದಿಂದ ಸಮಮಾಡಿದರು. ತಿಂಗಳ ಕೆಲಸ ವಾರದಲ್ಲಿ ಆಗದೆಂದು ಅವರು ಹೇಳಿದರು. ಸೀಸದ ಹೊಗೆ, ಧೂಳು ಒಳಗೆ ಹೋಗಬಾರದೆಂದು ಶಿಷ್ಯನು ಅವರ ಮೂಗಿಗೆ ಕವಚ ತಂದಿಟ್ಟು, ಕೆಲಸವನ್ನು ಬಯಲಿನಲ್ಲಿಯೇ ನಡೆಸಿದ್ದನು. ಅದು ನನಗೆ ಸಂತೋಷವಾಯಿತು.

ಇನ್ನು ನನ್ನ ತೀರ್ಪನ್ನು ಹೇಳಬೇಕಾಗಿದ್ದಿತು. ಮೊದಲು ಕಾನೂನಿನ ಮಾತು ಬಂದಿತು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ವಿಧಿಯ ಪ್ರಕಾರ, ತಯಾರಕನು ಹೇಳಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿದಿದೆ. ೨೦೨೧ರ ನಿಯಮಗಳು ಐವತ್ತು ವರ್ಷ ಮೀರಿದ ಕಾರುಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ಕೊಟ್ಟಿವೆ. ಆದರೆ ಅವು ಮೂಲರೂಪದಲ್ಲಿರಬೇಕು, ಛಾಸಿಯಲ್ಲಾಗಲಿ ಮೈಯಲ್ಲಾಗಲಿ ಎಂಜಿನ್ನಿನಲ್ಲಾಗಲಿ ಮಾರ್ಪಾಡು ನಡೆದಿರಕೂಡದು. ಶಿಷ್ಯನು ಇದನ್ನೆಲ್ಲ ಬಲ್ಲವನೇ. “ಹಾಗಾದರೆ ರಾಜರು ಮೈ ಬದಲಾಯಿಸಿಕೊಂಡಿದ್ದು ಚರಿತ್ರೆ, ನಾನು ಮಾಡಿದರೆ ಅಪರಾಧವೇ, ಮೇಷ್ಟ್ರೇ?” ಎಂದನು. ಪೂರ್ವಪಕ್ಷವು ಬಲವಾಗಿಯೇ ಇದ್ದಿತು. ಮೂರು ಸಾಲು ಮೊಳೆಯ ತೂತುಗಳಿದ್ದ ನನ್ನ ಗಾಡಿಯೂ ಅವನ ಪಕ್ಷವನ್ನೇ ಹಿಡಿಯುತ್ತಿದ್ದಿತು.

ನಾನು ಹೇಳಿದುದಿಷ್ಟು. ಓಲೆಯ ಗ್ರಂಥಗಳನ್ನು ಪರಿಷ್ಕರಿಸುವವರಲ್ಲಿ ಒಂದು ಮರ್ಯಾದೆಯುಂಟು. ಹುಳು ತಿಂದ ಅಕ್ಷರವನ್ನು ಊಹಿಸಿ ತುಂಬಬಹುದು. ಆದರೆ ತುಂಬಿದುದು ತನ್ನದೆಂಬ ಗುರುತನ್ನು ಬಿಡಬೇಕು. ಹಳೆಯ ಪಾಠವು ತನಗೆ ರುಚಿಸದಿದ್ದರೂ ಕೆಳಗೆ ಉಳಿಸಬೇಕು. ಗುರುತಿಲ್ಲದೆ ಸೇರಿಸಿದುದು ಪ್ರಕ್ಷೇಪ. ಓಲೆಯನ್ನೇ ಕತ್ತರಿಸಿದರೆ ಅದು ನಾಶ. ನಮ್ಮ ಬಂಡಿ ಕಟ್ಟಿದವರೂ ಈ ಮರ್ಯಾದೆಯನ್ನೇ ನಡೆಸಿದರು. ಮೈಯನ್ನು ಮೂರು ಸಲ ಬದಲಾಯಿಸಿದವರು ಅಡಿಯನ್ನು ಒಮ್ಮೆಯೂ ಕುಯ್ಯಲಿಲ್ಲ. ಗೂಟಕ್ಕೂ ತೂತಿಗೂ ಅಂಕೆ ಕೊರೆದಿಟ್ಟು, ಮುಂದಿನವನು ಹಿಂದಕ್ಕೆ ಹೋಗಬೇಕೆಂದರೆ ದಾರಿಯಿರುವಂತೆ ನೋಡಿಕೊಂಡರು. ಆದುದರಿಂದ, ಬಿಚ್ಚಿ ಕಟ್ಟಬಲ್ಲದ್ದು ವರೂಥ, ಅದು ಕಾಲಕಾಲಕ್ಕೆ ಹೊಸದಾಗಬಹುದು. ಕತ್ತರಿಸಿದರೆ ಮರಳಿ ಬಾರದ್ದು ಅನುಕರ್ಷ, ಅದು ನಿನ್ನೊಬ್ಬನದಲ್ಲ. ಬೋಲ್ಟನ್ನು ಬಿಚ್ಚುವ ಹಕ್ಕು ನಿನಗೆ ಚರಿತ್ರೆಯಿಂದ ಬಂದಿದೆ, ಗರಗಸದ ಹಕ್ಕು ಬಂದಿಲ್ಲ. ಇಂದಿನ ಕಾನೂನು ಇದಕ್ಕಿಂತಲೂ ಬಿಗಿಯಾಗಿರುವುದರಿಂದ, ರಸ್ತೆಗೆ ಇಳಿಸುವಾಗ ಮೂಲರೂಪವೇ ಇರತಕ್ಕದ್ದು.

ಸಾಬರು ಅರವನ್ನು ಕೆಳಗಿಟ್ಟು, “ನಾನೂ ಮೊದಲ ದಿನವೇ ಹೇಳಿದ್ದೆ. ಕಂಪನಿಯವನೇ ಬೋಲ್ಟು ಕೊಟ್ಟಿರೋವಾಗ ಕುಯ್ಯೋದು ಯಾಕೆ?” ಎಂದರು. ಶಾಸ್ತ್ರವನ್ನು ಸುತ್ತಿಬಂದು ನಾನು ಹೇಳಿದುದನ್ನು ಅವರ ಕೈ ಮೊದಲೇ ಬಲ್ಲದಾಗಿದ್ದಿತು. ಶಿಷ್ಯನು ಬಹಳ ಹೊತ್ತು ಏನೂ ಹೇಳಲಿಲ್ಲ. ಅನಂತರ ಒದ್ದೆ ಬಟ್ಟೆಯನ್ನು ತೆಗೆದುಕೊಂಡು ಅಡಿಗಟ್ಟಿನ ಮೇಲಿನ ಸೀಮೆಸುಣ್ಣದ ಗೆರೆಗಳನ್ನು ಒರಸಿದನು.

ಯುಗಾದಿಯ ವೇಳೆಗೆ ಕಾರು ತನ್ನ ಹಳೆಯ ಮೈಯಲ್ಲಿ ನಿಂತಿತು. ಕೊಳೆತ ಭಾಗಗಳ ಬದಲು ಹೊಸ ತುಂಡುಗಳು ಸೇರಿದ್ದುವು. ಬಣ್ಣದ ಮೇಲಿನಿಂದ ನೋಡಿದರೆ ಬೆಸುಗೆ ಕಾಣದು. ನನ್ನ ಕೋರಿಕೆಯಂತೆ ಒಂದು ಕೆಲಸವನ್ನು ಮಾತ್ರ ಹೆಚ್ಚಾಗಿ ಮಾಡಿದರು. ಒಂದೊಂದು ಹೊಸ ತುಂಡಿನ ಒಳಮೈಯಲ್ಲಿಯೂ ಅದನ್ನು ಬಡಿದವರ ಹೆಸರನ್ನೂ ತಿಂಗಳು ಸಂವತ್ಸರಗಳನ್ನೂ ಕನ್ನಡದಲ್ಲಿ ಉಳಿಯಿಂದ ಗುರುತಿಸಿದ್ದಾರೆ. ತಮ್ಮ ಹೆಸರನ್ನು ಬರೆಯಬೇಕೆಂದಾಗ ಸಾಬರು ಮೊದಲು ನಂಬಲಿಲ್ಲ. ಇಷ್ಟು ವರ್ಷ ಬಡಿದ ಲಾರಿಗಳಲ್ಲಿ ಮಾಲೀಕನ ಹೆಸರು, ದೇವರ ಹೆಸರು, ಮಕ್ಕಳ ಹೆಸರು ಬರೆದುದುಂಟು, ಬಡಿದವನ ಹೆಸರನ್ನು ಯಾರೂ ಕೇಳಿರಲಿಲ್ಲವೆಂದರು. ಶಿಷ್ಯನ ತಾಯಿಯವರು ಆ ಕಾರಿನಲ್ಲಿ ಕುಳಿತು ಚುಂಚನಕಟ್ಟೆಯ ಕೋದಂಡರಾಮನ ದರ್ಶನ ಮಾಡಿ ಬಂದರು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ, ಹಳೆಯ ಮೂಕಿ, ಗುಂಬ, ಕಮಾನುಗಳು ಇನ್ನೂ ಬಿದ್ದಿರುವ ಮನೆಗಳುಂಟು. ಬಂಡಿ ಕಟ್ಟಿದ, ಬಾಡಿ ಬಡಿದ ವೃದ್ಧರೂ ಅಲ್ಲಲ್ಲಿ ಇರುವರು. ವಾಚಕರು ಸೌದೆಗೆ ಕೊಡುವ ಮೊದಲು ಮರವನ್ನು ತಿರುಗಿಸಿ ಕೆಳಮೈಯನ್ನು ನೋಡಬೇಕೆಂದೂ, ಆ ವೃದ್ಧರ ಹೆಸರುಗಳನ್ನೂ ಅವರ ಬಾಯಿಂದ ಬರುವ ಕಸಬಿನ ಶಬ್ದಗಳನ್ನೂ ಬರೆದು ಈ ಪತ್ರಿಕೆಗೆ ಕಳುಹಿಸಬೇಕೆಂದೂ ಬೇಡಿಕೊಳ್ಳುತ್ತೇನೆ. ನಾನು ಒಲೆಗೆ ಹಾಕಿದ ಅಂಕೆಗಳ ಋಣವು ಅಷ್ಟರ ಮಟ್ಟಿಗಾದರೂ ತೀರಲಿ.